ಅಪ್ಪನಿಗೆ ಸ್ಟೆಮ್ ಸೆಲ್ ಕಸಿ ಈಗಲೇ ಬೇಕೆ?

ಪ್ರಶ್ನೆ: ನನ್ನ ತಂದೆಗೆ 58 ವರ್ಷ. ಮೂಲತಃ ಕುಂದಾಪುರದ ಕಡೆಯವರು. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಮುಂಬೈಯ ಹೋಟೆಲೊಂದರಲ್ಲಿ ಗಲ್ಲಾ ನೋಡಿಕೊಂಡಿದ್ದರು. ಈಗ ಡೊಂಬಿವಲಿಯಲ್ಲಿ ನಮ್ಮ ಜೊತೆ ಇದ್ದಾರೆ. ಸೊಂಟನೋವೆಂದು ಆರು ತಿಂಗಳು ಎಣ್ಣೆ, ಬೆಲ್ಟು, ಮಾತ್ರೆಗಳಲ್ಲಿ ಕಳೆದ ಮೇಲೆ ಅದು ಮಲ್ಟಿಪಲ್ ಮೈಲೋಮಾ ಎಂದು ಗೊತ್ತಾಯಿತು. ಬೋರ್ಟೆಜೊಮಿಬ್ ಇಂಜೆಕ್ಷನ್, ಲೆನಾಲಿಡೊಮೈಡ್ ಮತ್ತು ಡೆಕ್ಸಾಮೆಥಾಸೋನ್ ಮಾತ್ರೆಗಳ ನಾಲ್ಕು ಸುತ್ತು ಮುಗಿದಿದೆ. ನೋವು ಹೋಗಿದೆ, ಹಿಮೋಗ್ಲೋಬಿನ್ ಏರಿದೆ, ಬೆಳಿಗ್ಗೆ ತಾವೇ ಹಾಲು ತರಲು ಹೋಗುತ್ತಾರೆ. ಈಗ ಡಾಕ್ಟರು ಆಟೋಲೋಗಸ್ ಸ್ಟೆಮ್ ಸೆಲ್ ಟ್ರಾನ್ಸ್‌ಪ್ಲಾಂಟ್ ಮಾಡಿಸಿ ಎನ್ನುತ್ತಿದ್ದಾರೆ. ಬೆನ್ನುಮೂಳೆ ಕೊರೆದು ಮಜ್ಜೆ ತೆಗೆಯುತ್ತಾರಂತೆ ಎಂದು ಊರಿನವರು ಹೆದರಿಸುತ್ತಾರೆ. ಚಿಕ್ಕಪ್ಪ ತಮ್ಮ ಮಜ್ಜೆ ಕೊಡಲು ಸಿದ್ಧರಿದ್ದಾರೆ, ಚಿಕ್ಕಮ್ಮ ಬೇಡವೆಂದು ಅಳುತ್ತಾರೆ. ಪರಿಚಯದವರೊಬ್ಬರು ಕೀಮೋ ಇಲ್ಲದೆ ಬರೀ ಸ್ಟೆಮ್ ಸೆಲ್ ಕೊಡುವ ಕ್ಲಿನಿಕ್ ಒಂದರ ಚೀಟಿ ತಂದುಕೊಟ್ಟಿದ್ದಾರೆ. ಚೆನ್ನಾಗಿರುವ ಮನುಷ್ಯನಿಗೆ ಇಷ್ಟು ದೊಡ್ಡ ಚಿಕಿತ್ಸೆ ಈಗಲೇ ಬೇಕೆ, ಕಾಯಿಲೆ ಮರಳಿದರೆ ಆಗ ನೋಡಬಾರದೆ? ಇನ್ನೊಂದು ಮಾತು: ಅಪ್ಪನಿಗೆ ಇದು ಕ್ಯಾನ್ಸರ್ ಎಂದು ನಾವು ಹೇಳಿಲ್ಲ, 'ರಕ್ತದ ತೊಂದರೆ' ಎಂದಿದ್ದೇವೆ.

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಹಲವು, ಆದರೆ ಅವುಗಳ ಬುಡದಲ್ಲಿರುವ ಆತಂಕ ಒಂದೇ: ಹಾಲು ತರಲು ತಾವೇ ನಡೆದು ಹೋಗುವ ಮನುಷ್ಯನನ್ನು ನಾವೇ ಕೈಯಾರೆ ಕರೆದೊಯ್ದು ಮಂಚ ಹಿಡಿಸುತ್ತಿದ್ದೇವೆಯೆ ಎಂಬುದು. ಮುಂಬೈಯಲ್ಲಿ ರಕ್ತದ ಕಾಯಿಲೆಗಳ ವೈದ್ಯನಾಗಿ ಕಸಿ ವಾರ್ಡಿನಲ್ಲಿ ಕೆಲಸ ಮಾಡಿದ ವರ್ಷಗಳಲ್ಲಿ ಈ ಆತಂಕವನ್ನು ನಾನು ಹೆಚ್ಚಾಗಿ ಕೇಳಿದ್ದು ಮಕ್ಕಳ ಬಾಯಲ್ಲಿ. ಅದು ಅಕಾರಣವಾದದ್ದಲ್ಲ. ಈ ಚಿಕಿತ್ಸೆ ಮೊದಲು ಮನುಷ್ಯನನ್ನು ಕೆಡವಿ ಆಮೇಲೆ ಎಬ್ಬಿಸುತ್ತದೆ. ಏಕೆ ಕೆಡವಬೇಕು ಎಂಬುದು ಸ್ಪಷ್ಟವಾಗದೆ ಒಪ್ಪಿಗೆ ಕೊಡುವುದು ಕಷ್ಟ.

ಗೊಂದಲದ ಬಹುಪಾಲು ಹುಟ್ಟುವುದು 'ಕಸಿ' ಎಂಬ ಪದದಿಂದಲೇ. ಕಿಡ್ನಿ ಕಸಿಯಲ್ಲಿ ಕೆಟ್ಟ ಅಂಗದ ಕೆಲಸವನ್ನು ಹೊಸ ಅಂಗ ವಹಿಸಿಕೊಳ್ಳುತ್ತದೆ, ಆದ್ದರಿಂದ ಇಲ್ಲಿಯೂ ಹೊಸ ಆಕರಕೋಶಗಳು, ಎಂದರೆ ಸ್ಟೆಮ್ ಸೆಲ್‌ಗಳು, ಬಂದು ಕ್ಯಾನ್ಸರನ್ನು ಗುಣಪಡಿಸುತ್ತವೆ ಎಂದು ಜನ ಭಾವಿಸುತ್ತಾರೆ. ನಿಮ್ಮ ತಂದೆಯವರಿಗೆ ಸೂಚಿಸಿರುವ ಚಿಕಿತ್ಸೆಯಲ್ಲಿ ಆಕರಕೋಶ ಔಷಧಿಯೇ ಅಲ್ಲ. ಔಷಧಿ ಮೆಲ್ಫಲಾನ್ ಎಂಬ ಕೀಮೋ. ಅದನ್ನು ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ 200 ಮಿಲಿಗ್ರಾಂನಂತೆ, ಬಹಳ ದೊಡ್ಡ ಪ್ರಮಾಣದಲ್ಲಿ, ಒಮ್ಮೆಗೇ ಕೊಡುತ್ತಾರೆ. ಆ ಪೆಟ್ಟಿಗೆ ಕ್ಯಾನ್ಸರ್ ಕೋಶಗಳ ಜೊತೆ ರಕ್ತವನ್ನು ತಯಾರಿಸುವ ಮಜ್ಜೆಯೂ ಸುಟ್ಟುಹೋಗುತ್ತದೆ. ಮೊದಲೇ ತೆಗೆದಿಟ್ಟುಕೊಂಡ ಅವರದೇ ಆಕರಕೋಶಗಳನ್ನು ಮರಳಿ ಕೊಡುವುದು ಆ ಮಜ್ಜೆ ಮತ್ತೆ ಚಿಗುರಲೆಂದು. ಗದ್ದೆಗೆ ಬೆಂಕಿ ಹಾಕುವ ಮೊದಲು ಬಿತ್ತನೆಯ ಬೀಜವನ್ನು ಮನೆಯೊಳಗೆ ಎತ್ತಿಡುವಂತೆ ಎಂದು ಊರಿನವರಿಗೆ ನಾನು ವಿವರಿಸುವುದುಂಟು. ನಿಮ್ಮ ಪ್ರಶ್ನೆಗಳಲ್ಲಿ ಹೆಚ್ಚಿನವು ಈ ಒಂದು ವಿಷಯ ತಿಳಿದೊಡನೆ ತಾವಾಗಿ ಬಿಡಿಸಿಕೊಳ್ಳುತ್ತವೆ.

ಮೈಲೋಮಾ ಹುಟ್ಟುವುದು ಪ್ಲಾಸ್ಮಾ ಕೋಶಗಳಲ್ಲಿ. ಸೋಂಕಿನ ವಿರುದ್ಧ ಪ್ರತಿಕಾಯಗಳನ್ನು ತಯಾರಿಸಬೇಕಾದ ಈ ಕೋಶಗಳಲ್ಲಿ ಒಂದು ದಾರಿ ತಪ್ಪಿ, ತನ್ನಂಥವೇ ಲೆಕ್ಕವಿಲ್ಲದಷ್ಟು ಪ್ರತಿಗಳಾಗಿ ಮಜ್ಜೆಯಲ್ಲಿ ತುಂಬಿಕೊಳ್ಳುತ್ತದೆ ಮತ್ತು ಉಪಯೋಗಕ್ಕೆ ಬಾರದ ಒಂದೇ ಬಗೆಯ ಪ್ರೋಟೀನನ್ನು ರಕ್ತಕ್ಕೆ ಸುರಿಯುತ್ತದೆ. ನಿಮ್ಮ ರಿಪೋರ್ಟಿನಲ್ಲಿರುವ 'ಎಂ ಸ್ಪೈಕ್' ಅದೇ. ಮೂಳೆ ಸವೆಯುವುದು, ರಕ್ತ ಕಡಿಮೆಯಾಗುವುದು, ಕಿಡ್ನಿ ಸೊರಗುವುದು, ರಕ್ತದಲ್ಲಿ ಕ್ಯಾಲ್ಸಿಯಂ ಏರುವುದು ಎಲ್ಲ ಇದರ ಪರಿಣಾಮ. ಸೊಂಟನೋವೆಂದು ಆರು ತಿಂಗಳು ಕಳೆದುದಕ್ಕೆ ನೀವು ನಿಮ್ಮನ್ನು ದೂಷಿಸಿಕೊಳ್ಳಬೇಡಿ. ಬೆನ್ನುನೋವೆಂದು ಅಲೆದಾಡಿ ತಡವಾಗಿ ನಮ್ಮಲ್ಲಿಗೆ ಬರುವುದು ಈ ಕಾಯಿಲೆಯಲ್ಲಿ ಅಪರೂಪವೇನಲ್ಲ. ನಾಲ್ಕು ಸುತ್ತಿನ ಚಿಕಿತ್ಸೆ ಆ ಕೋಶಗಳಲ್ಲಿ ಬಹುಪಾಲನ್ನು ಕೊಂದಿದೆ, ಆದ್ದರಿಂದಲೇ ನೋವು ಹೋಗಿ ಹಿಮೋಗ್ಲೋಬಿನ್ ಏರಿದೆ. ಆದರೂ ಪರೀಕ್ಷೆಯ ಕಣ್ಣಿಗೆ ಬೀಳದಷ್ಟು ಸಣ್ಣ ಸಂಖ್ಯೆಯಲ್ಲಿ ಅವು ಉಳಿದಿರುತ್ತವೆ. ಮೆಲ್ಫಲಾನ್ ಗುರಿಯಿಡುವುದು ಆ ಉಳಿಕೆಗೆ. 'ಚೆನ್ನಾಗಿದ್ದಾರಲ್ಲ, ಈಗೇಕೆ' ಎಂದು ನೀವು ಕೇಳುತ್ತೀರಿ. ವೈದ್ಯರು ಚೆನ್ನಾಗಿರುವ ಈ ಹೊತ್ತಿಗೇ ಕಾದಿರುತ್ತಾರೆ. ಕೋಶಗಳ ಸಂಖ್ಯೆ ಕಡಿಮೆಯಿದ್ದು ದೇಹ ಗಟ್ಟಿಯಿರುವ ಕಾಲವೇ ಈ ಪೆಟ್ಟಿಗೆ ಸರಿಯಾದ ಕಾಲ.

ಔಷಧಿ ಮೆಲ್ಫಲಾನ್, ಕೋಶಗಳು ಅದರ ಆಸರೆ ಎಂಬುದನ್ನೇ ಈ ಚಿಕಿತ್ಸೆಯ ಇತಿಹಾಸವೂ ಹೇಳುತ್ತದೆ. 1983ರಲ್ಲಿ ಇಂಗ್ಲೆಂಡಿನ ರಾಯಲ್ ಮಾರ್ಸ್‌ಡೆನ್ ಆಸ್ಪತ್ರೆಯ ಮ್ಯಾಕ್‌ಎಲ್ವೇನ್ ಮತ್ತು ಪೌಲ್ಸ್ ಎಂಬ ವೈದ್ಯರು ಮೈಲೋಮಾ ರೋಗಿಗಳಿಗೆ ದೊಡ್ಡ ಪ್ರಮಾಣದ ಮೆಲ್ಫಲಾನನ್ನು ಆಕರಕೋಶಗಳ ಆಸರೆಯಿಲ್ಲದೆಯೇ ಕೊಟ್ಟು, ಕಾಯಿಲೆ ಹಿಂದೆಂದೂ ಕಾಣದಷ್ಟು ತಗ್ಗಿದ್ದನ್ನು ವರದಿ ಮಾಡಿದರು. ಆಸರೆ ಇಲ್ಲದಿದ್ದುದರಿಂದ ಮಜ್ಜೆ ತಾನಾಗಿ ಚೇತರಿಸಿಕೊಳ್ಳುವವರೆಗೆ ರೋಗಿಗಳು ಬಹಳ ದಿನ ಅಪಾಯದಲ್ಲಿ ಕಳೆಯಬೇಕಿತ್ತು. ಆಕರಕೋಶಗಳನ್ನು ಮರಳಿ ಕೊಡುವ ಕ್ರಮ ಆಮೇಲೆ ಸೇರಿಕೊಂಡದ್ದು ಆ ಅಪಾಯದ ದಿನಗಳನ್ನು ಕಿರಿದುಗೊಳಿಸಲು. ಅದೇ 1983ರಲ್ಲಿ ನಮ್ಮ ಪರೇಲಿನ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ ಡಾ. ಸುರೇಶ್ ಅಡ್ವಾಣಿಯವರ ತಂಡ ಭಾರತದ ಮೊದಲ ಯಶಸ್ವಿ ಅಸ್ಥಿಮಜ್ಜೆ ಕಸಿಯನ್ನು ಮಾಡಿತು. ಅದು ಲ್ಯುಕೇಮಿಯಾಕ್ಕೆ ಮಾಡಿದ, ದಾನಿಯ ಮಜ್ಜೆಯನ್ನು ಬಳಸಿದ ಕಸಿ. ಇವೆರಡೂ ಬೇರೆ ಬೇರೆ ಚಿಕಿತ್ಸೆಗಳು. ನಿಮ್ಮ ಊರಿನವರು ಬೆರೆಸಿಕೊಂಡಿರುವುದು ಇವೆರಡನ್ನೇ.

ಚಿಕ್ಕಪ್ಪನವರ ವಿಷಯಕ್ಕೆ ಬರುತ್ತೇನೆ. ದಾನಿಯ ಕಸಿ ಮುಖ್ಯವಾಗಿ ಲ್ಯುಕೇಮಿಯಾ, ಅಪ್ಲಾಸ್ಟಿಕ್ ಅನೀಮಿಯಾ, ಥಲಸ್ಸೀಮಿಯಾದಂಥ ಕಾಯಿಲೆಗಳಿಗೆ. ಅಲ್ಲಿ ದಾನಿ ಮತ್ತು ರೋಗಿ ಹೊಂದುತ್ತಾರೆಯೆ ಎಂದು ನೋಡುವುದು ಕೋಶಗಳ ಮೇಲಿನ ಎಚ್‌ಎಲ್‌ಎ ಗುರುತುಗಳಿಂದ. ಒಡಹುಟ್ಟಿದ ಒಬ್ಬೊಬ್ಬರ ಎಚ್‌ಎಲ್‌ಎ ಪೂರ್ತಿ ಹೊಂದುವ ಸಾಧ್ಯತೆ ನೂರಕ್ಕೆ 25. ಲ್ಯುಕೇಮಿಯಾದಲ್ಲಿ ದಾನಿಯ ಕೋಶಗಳೇ ಉಳಿದ ಕ್ಯಾನ್ಸರಿನ ಮೇಲೆ ಹೋರಾಡುತ್ತವೆ, ಕೆಲವೊಮ್ಮೆ ರೋಗಿಯ ಚರ್ಮ, ಕರುಳು, ಯಕೃತ್ತಿನ ಮೇಲೂ ತಿರುಗಿಬೀಳುತ್ತವೆ. ಹಾಗಾಗಿ ಅದರ ಅಪಾಯ ಇದಕ್ಕಿಂತ ಹಲವು ಪಟ್ಟು ಹೆಚ್ಚು. ನಿಮ್ಮ ತಂದೆಯವರಿಗೆ ದಾನಿ ಬೇಕಿಲ್ಲ, ಚಿಕ್ಕಮ್ಮ ಅಳಬೇಕಾಗಿಲ್ಲ. ಆದರೂ ಒಂದು ಮಾತನ್ನು ಅವರಿಗೆ ತಿಳಿಸಿ: ಮಜ್ಜೆ ಕೊಟ್ಟವರು ನಿಶ್ಶಕ್ತರಾಗಿ ಉಳಿಯುತ್ತಾರೆಂಬುದು ಸುಳ್ಳು, ಕೊಟ್ಟಷ್ಟನ್ನು ದೇಹ ಕೆಲವೇ ವಾರಗಳಲ್ಲಿ ತುಂಬಿಕೊಳ್ಳುತ್ತದೆ. ಇನ್ನು ಚಿಕ್ಕಪ್ಪನವರ ಒಳ್ಳೆಯ ಮನಸ್ಸು ವ್ಯರ್ಥವಾಗಬೇಕಿಲ್ಲ. ಕಸಿಯ ಎರಡನೇ ವಾರ ತಂದೆಯವರಿಗೆ ಪ್ಲೇಟ್‌ಲೆಟ್ ಬೇಕಾಗುತ್ತದೆ, ಮುಂಬೈಯ ಬ್ಲಡ್ ಬ್ಯಾಂಕುಗಳಲ್ಲಿ ಅದಕ್ಕಾಗಿ ರಾತ್ರಿ ಹತ್ತು ಗಂಟೆಗೆ ಓಡಾಡುವ ಮನೆಯವರನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಚಿಕ್ಕಪ್ಪನವರ ಪ್ಲೇಟ್‌ಲೆಟ್ ಎಣಿಕೆ ಒಂದೂವರೆ ಲಕ್ಷಕ್ಕಿಂತ ಹೆಚ್ಚಿದ್ದು, ಮೂರು ದಿನಗಳಿಂದ ಆಸ್ಪಿರಿನ್ ತೆಗೆದುಕೊಂಡಿರದೆ, ಕೈಯ ನರ ಚೆನ್ನಾಗಿದ್ದರೆ ಅವರು ಯಂತ್ರದ ಮೂಲಕ ಪ್ಲೇಟ್‌ಲೆಟ್ ದಾನ ಮಾಡಬಹುದು. ಅವರಂಥ ನಾಲ್ಕೈದು ಮಂದಿಯ ಹೆಸರನ್ನು ಈಗಲೇ ಬರೆದಿಟ್ಟುಕೊಳ್ಳಿ. ತಂದೆಯವರಿಗೆ ಕೊಡುವ ರಕ್ತವೂ ಪ್ಲೇಟ್‌ಲೆಟ್ಟೂ ವಿಕಿರಣಕ್ಕೆ ಒಡ್ಡಿದ್ದಾಗಿರಬೇಕು ಎಂಬುದನ್ನು ಆಸ್ಪತ್ರೆಯವರೊಡನೆ ಖಚಿತಪಡಿಸಿಕೊಳ್ಳಿ.

ಬೆನ್ನುಮೂಳೆ ಕೊರೆಯುವ ಮಾತು ಬರಿಯ ಕಟ್ಟುಕತೆ. ಮಜ್ಜೆಯನ್ನು ಮೂಳೆಯಿಂದಲೇ ತೆಗೆಯುವಾಗಲೂ ಸೂಜಿ ಹೋಗುವುದು ಸೊಂಟದ ಹಿಂಬದಿಯ ಮೂಳೆಗೆ. ನಿಮ್ಮ ತಂದೆಯವರಿಗೆ ಅದೂ ಇಲ್ಲ. ನಾಲ್ಕೈದು ದಿನ ಹೊಟ್ಟೆಯ ಚರ್ಮದಡಿಗೆ ಫಿಲ್ಗ್ರಾಸ್ಟಿಮ್ ಎಂಬ ಇಂಜೆಕ್ಷನ್ ಕೊಡುತ್ತಾರೆ. ಅದರಿಂದ ಮಜ್ಜೆಯಲ್ಲಿ ಅಡಗಿರುವ ಆಕರಕೋಶಗಳು ರಕ್ತಕ್ಕೆ ಇಳಿಯುತ್ತವೆ. ಆ ದಿನಗಳಲ್ಲಿ ಸೊಂಟ, ಎದೆಮೂಳೆ ಮಿಡಿದು ನೋಯುತ್ತದೆ, ಪ್ಯಾರಾಸಿಟಮಾಲಿಗೆ ತಗ್ಗುತ್ತದೆ. ಆಮೇಲೆ ಅಫೆರೆಸಿಸ್ ಯಂತ್ರದ ಪಕ್ಕದಲ್ಲಿ ಮೂರರಿಂದ ಐದು ಗಂಟೆ ಮಲಗಬೇಕು. ರಕ್ತ ಒಂದು ಕೊಳವೆಯಿಂದ ಹೊರಗೆ ಹೋಗಿ, ಯಂತ್ರದಲ್ಲಿ ತಿರುಗಿ, ಆಕರಕೋಶಗಳಿರುವ ಪದರವನ್ನಷ್ಟೇ ಚೀಲಕ್ಕೆ ಬಿಟ್ಟು ಇನ್ನೊಂದು ಕೊಳವೆಯಿಂದ ದೇಹಕ್ಕೆ ಮರಳುತ್ತದೆ. ಟೊಮೆಟೊ ಸಾರಿನ ಬಣ್ಣದ ಆ ಚೀಲವನ್ನು ನೋಡಿ 'ಇಷ್ಟೇಯಾ' ಎಂದು ಕೇಳುವವರೇ ಹೆಚ್ಚು. ರಕ್ತ ಹೆಪ್ಪುಗಟ್ಟದಂತೆ ಬಳಸುವ ಸಿಟ್ರೇಟ್ ದೇಹದ ಕ್ಯಾಲ್ಸಿಯಂ ಅನ್ನು ಹಿಡಿದಿಡುವುದರಿಂದ ತುಟಿಯ ಸುತ್ತ, ಬೆರಳ ತುದಿಯಲ್ಲಿ ಜುಮುಗುಡುತ್ತದೆ. ತಂದೆಯವರು ಅದನ್ನು ಸಹಿಸಿಕೊಂಡು ಸುಮ್ಮನಿರದೆ ಕೂಡಲೇ ಹೇಳಿದರೆ ಕ್ಯಾಲ್ಸಿಯಂ ಕೊಟ್ಟು ಸರಿಪಡಿಸುತ್ತಾರೆ. ದೇಹತೂಕದ ಪ್ರತಿ ಕಿಲೋಗೆ ಕನಿಷ್ಠ 20 ಲಕ್ಷ ಆಕರಕೋಶಗಳು ಸಿಗಬೇಕು. ಒಂದು ದಿನಕ್ಕೆ ಸಿಗದಿದ್ದರೆ ಮರುದಿನವೂ ಮಲಗಬೇಕಾಗುತ್ತದೆ, ಇಲ್ಲವೆ ಪ್ಲೆರಿಕ್ಸಾಫಾರ್ ಎಂಬ ದುಬಾರಿ ಇಂಜೆಕ್ಷನ್ ಬೇಕಾಗುತ್ತದೆ.

ಆ ಚೀಲದಲ್ಲಿ ಕ್ಯಾನ್ಸರ್ ಕೋಶಗಳೂ ಇದ್ದು ಅವು ಮರಳಿ ಮೈ ಸೇರುವುದಿಲ್ಲವೆ ಎಂದು ನೀವು ಕೇಳಿಲ್ಲ, ಆದರೆ ಈ ವಿವರಣೆಯನ್ನು ಓದಿದ ಮೇಲೆ ಕೇಳದೆ ಇರಲಾರಿರಿ. ಕೆಲವು ಇರಬಹುದು. ಚೀಲವನ್ನು ಶುದ್ಧೀಕರಿಸಿ ಕೊಡುವ ಪ್ರಯತ್ನಗಳೂ ನಡೆದವು, ಅವುಗಳಿಂದ ರೋಗಿಗಳಿಗೆ ಹೆಚ್ಚಿನ ಲಾಭವಾಗಲಿಲ್ಲ. ಕಾಯಿಲೆ ಮರಳುವುದು ಮುಖ್ಯವಾಗಿ ದೇಹದೊಳಗೆ ಮೆಲ್ಫಲಾನಿನಿಂದ ತಪ್ಪಿಸಿಕೊಂಡ ಕೋಶಗಳಿಂದ.

ಕಸಿಯ ದಿನ ನೋಡುವವರಿಗೆ ನಿರಾಸೆಯಾಗುವಷ್ಟು ಸಾಮಾನ್ಯ. ಅದಕ್ಕೆ ಒಂದೆರಡು ದಿನ ಮೊದಲು ಅರ್ಧ ಗಂಟೆಯಷ್ಟು ಹೊತ್ತು ಮೆಲ್ಫಲಾನ್ ಹನಿಯುತ್ತದೆ. ಆ ಹೊತ್ತಿನಲ್ಲಿ, ಅದಕ್ಕೆ ಸ್ವಲ್ಪ ಮೊದಲೂ ಆಮೇಲೂ, ಬಾಯಲ್ಲಿ ಮಂಜುಗಡ್ಡೆಯ ಚೂರುಗಳನ್ನು ಇಟ್ಟುಕೊಂಡೇ ಇರಬೇಕು. ತಂಪಿಗೆ ಬಾಯೊಳಗಿನ ರಕ್ತನಾಳಗಳು ಕುಗ್ಗಿ ಔಷಧಿ ಅಲ್ಲಿಗೆ ಕಡಿಮೆ ತಲುಪುತ್ತದೆ, ಮುಂದಿನ ವಾರದ ಬಾಯಿಹುಣ್ಣು ಅಷ್ಟರಮಟ್ಟಿಗೆ ತಗ್ಗುತ್ತದೆ. ಹಲ್ಲು ಜುಮ್ಮೆನ್ನುತ್ತದೆಂದು ಮಂಜುಗಡ್ಡೆಯನ್ನು ಉಗುಳಿದವರು ಎಂಟನೇ ದಿನ ಗಂಜಿಯನ್ನೂ ನುಂಗಲಾಗದೆ ಕಣ್ಣೀರು ಹಾಕಿದ್ದನ್ನು ನೋಡಿದ್ದೇನೆ, ಆದ್ದರಿಂದ ಆ ಹೊತ್ತಿಗೆ ನೀವು ಪಕ್ಕದಲ್ಲಿದ್ದು ಒಂದೊಂದೇ ಚೂರನ್ನು ಬಾಯಿಗೆ ಕೊಡುತ್ತಿರಿ. ಆಕರಕೋಶಗಳನ್ನು ರಕ್ತ ಏರಿಸುವಂತೆಯೇ ಏರಿಸುತ್ತಾರೆ. ದ್ರವ ಸಾರಜನಕದಲ್ಲಿ ಘನೀಕರಿಸಿಟ್ಟ ಚೀಲವಾದರೆ ಅದರಲ್ಲಿ ಬೆರೆಸಿದ ರಾಸಾಯನಿಕದಿಂದ ರೋಗಿಯ ಉಸಿರು ಒಂದೆರಡು ದಿನ ಬೆಳ್ಳುಳ್ಳಿಯ ವಾಸನೆ ಹೊಡೆಯುತ್ತದೆ, ಅದಕ್ಕೆ ಗಾಬರಿಯಾಗಬೇಡಿ. ಕೆಲವು ಕೇಂದ್ರಗಳಲ್ಲಿ ಘನೀಕರಿಸದೆ 4 ಡಿಗ್ರಿಯ ಶೀತದಲ್ಲಿ ಕೆಲವೇ ದಿನ ಇಟ್ಟು ಮರಳಿ ಕೊಡುತ್ತಾರೆ, ಆಗ ಈ ವಾಸನೆ ಇರುವುದಿಲ್ಲ.

ನಿಜವಾದ ಕಷ್ಟ ಬರುವುದು ಇದರ ನಂತರ. ಐದನೆಯ ದಿನದಿಂದ ಬಿಳಿ ರಕ್ತಕಣಗಳ ಎಣಿಕೆ ಬಹುತೇಕ ಸೊನ್ನೆಗೆ ಇಳಿಯುತ್ತದೆ. ಬಾಯಿಹುಣ್ಣು, ಭೇದಿ, ವಾಂತಿ, ಮತ್ತು ಹೆಚ್ಚಿನವರಲ್ಲಿ ಜ್ವರ ಬರುತ್ತದೆ. ನೆಗಡಿಯಷ್ಟು ಸಣ್ಣ ಸೋಂಕನ್ನೂ ತಡೆಯುವ ಶಕ್ತಿ ಆಗ ದೇಹಕ್ಕಿರುವುದಿಲ್ಲ. ದಿನವೂ ಬೆಳಿಗ್ಗೆ ಕೌಂಟ್ ನೋಡುತ್ತಾರೆ. ವಾರ್ಡಿನ ಮನೆಯವರೆಲ್ಲ ಷೇರು ಪೇಟೆಯ ಸೂಚ್ಯಂಕಕ್ಕಿಂತ ಹೆಚ್ಚು ಕಾತರದಿಂದ ಆ ಅಂಕಿಗೆ ಕಾಯುತ್ತಾರೆ. ಹತ್ತರಿಂದ ಹದಿನಾಲ್ಕನೆಯ ದಿನದೊಳಗೆ ಸಾಮಾನ್ಯವಾಗಿ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳ ಎಣಿಕೆ 500 ದಾಟುತ್ತದೆ, ಮೂರು ದಿನ ಹಾಗೆಯೇ ನಿಂತರೆ ಕೋಶಗಳು ಬೇರೂರಿದವೆಂದು ಅರ್ಥ. ಹುಣ್ಣು ಮಾಯುವುದೂ ಆಗಲೇ. ಕೂದಲು ಉದುರುತ್ತದೆ, ಮತ್ತೆ ಬೆಳೆಯುತ್ತದೆ. ಆಸ್ಪತ್ರೆಯಲ್ಲಿ ಒಟ್ಟು ಎರಡರಿಂದ ಮೂರು ವಾರ, ಸುಸ್ತು ಕಳೆಯಲು ಸುಮಾರು ಮೂರು ತಿಂಗಳು ಬೇಕು. ಅನುಭವವಿರುವ ಕೇಂದ್ರಗಳಲ್ಲಿ ಈ ಕಸಿಯ ಕಾರಣದಿಂದಲೇ ಸಾವು ಸಂಭವಿಸುವುದು ನೂರರಲ್ಲಿ ಒಬ್ಬರಿಂದ ಮೂವರಿಗೆ. ಹೃದಯ, ಶ್ವಾಸಕೋಶ, ಕಿಡ್ನಿಗಳು ಚೆನ್ನಾಗಿರುವ 58ರ ಮನುಷ್ಯನಿಗೆ ಅಪಾಯ ಈ ಅಂದಾಜಿನ ಕೆಳಗಿನ ತುದಿಯಲ್ಲಿರುತ್ತದೆ. ಆದರೆ ಅದು ಸೊನ್ನೆಯಲ್ಲ, ಸೊನ್ನೆಯೆಂದು ಯಾರಾದರೂ ಹೇಳಿದರೆ ನಂಬಬೇಡಿ.

ಈಗ ನಿಮ್ಮ ಮುಖ್ಯ ಪ್ರಶ್ನೆ: ಈಗಲೇ ಬೇಕೆ, ಮರಳಿದ ಮೇಲೆ ನೋಡಬಹುದೆ? ಇದು ವೈದ್ಯರ ನಡುವೆಯೂ ಪ್ರಾಮಾಣಿಕವಾಗಿ ಚರ್ಚೆಯಾಗುತ್ತಿರುವ ವಿಷಯ. ಅಮೆರಿಕದಲ್ಲಿ 65 ವರ್ಷದೊಳಗಿನ 722 ರೋಗಿಗಳ ಮೇಲೆ ನಡೆದ 'ಡಿಟರ್ಮಿನೇಶನ್' ಎಂಬ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ನಿಮ್ಮ ತಂದೆಯವರು ತೆಗೆದುಕೊಂಡ ಮೂರು ಔಷಧಿಗಳನ್ನೇ ಎರಡೂ ಗುಂಪಿಗೆ ಕೊಟ್ಟು, ಒಂದು ಗುಂಪಿಗೆ ಮಾತ್ರ ಆರಂಭದಲ್ಲೇ ಕಸಿ ಮಾಡಿದರು. ಆಮೇಲೆ ಎರಡೂ ಗುಂಪಿಗೆ ಲೆನಾಲಿಡೊಮೈಡ್ ಮುಂದುವರಿಯಿತು. ಕಾಯಿಲೆ ಮತ್ತೆ ಹೆಚ್ಚದೆ ಕಳೆದ ಅವಧಿ, ಗುಂಪಿನ ನಟ್ಟನಡುವಿನ ರೋಗಿಯ ಲೆಕ್ಕದಲ್ಲಿ, ಕಸಿಯಾದವರಲ್ಲಿ 67.5 ತಿಂಗಳು, ಆಗದವರಲ್ಲಿ 46.2 ತಿಂಗಳು. ಎಂದರೆ ಒಂದೂಮುಕ್ಕಾಲು ವರ್ಷದಷ್ಟು ಹೆಚ್ಚಿನ ನೆಮ್ಮದಿ. ಆದರೆ ಐದು ವರ್ಷಗಳ ಹೊತ್ತಿಗೆ ಬದುಕಿದ್ದವರ ಪ್ರಮಾಣ ಎರಡೂ ಗುಂಪಿನಲ್ಲಿ ಸುಮಾರು ನೂರಕ್ಕೆ 80, ಅದರಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಇನ್ನೊಂದು ಅಂಕಿಯನ್ನೂ ಮುಚ್ಚಿಡಬಾರದು: ಕಸಿಯ ಗುಂಪಿನ 365 ಮಂದಿಯಲ್ಲಿ 10 ಮಂದಿಗೆ ಮುಂದೆ ಮಜ್ಜೆಯ ಬೇರೆ ಕ್ಯಾನ್ಸರ್ ಬಂತು, ಇನ್ನೊಂದು ಗುಂಪಿನಲ್ಲಿ ಒಬ್ಬರಿಗೂ ಬರಲಿಲ್ಲ.

ಹಾಗಾದರೆ ಕಸಿ ಬೇಡವೆ? ನನ್ನ ಅಭಿಪ್ರಾಯ ಹೀಗಿದೆ. ಮೈಲೋಮಾ ಇಂದಿಗೂ ಸಾಮಾನ್ಯವಾಗಿ ಪೂರ್ತಿ ವಾಸಿಯಾಗುವ ಕಾಯಿಲೆಯಲ್ಲ. ಒಂದೊಂದು ಸಲ ಮರಳಿದಾಗಲೂ ಅದು ಹಿಂದಿನದಕ್ಕಿಂತ ಹಠಮಾರಿಯಾಗಿ ಮರಳುತ್ತದೆ. ಹೀಗಿರುವಾಗ ಮೊದಲ ಶಾಂತಿಯ ಅವಧಿಯನ್ನು ಎಷ್ಟು ಉದ್ದವಾಗಿಸಬಹುದೋ ಅಷ್ಟು ಉದ್ದವಾಗಿಸುವುದು ದೊಡ್ಡ ವಿಷಯ. ಅಮೆರಿಕದ ರೋಗಿಗೆ ಕಾಯಿಲೆ ಮರಳಿದರೆ ಮುಂದಿನ ಸಾಲಿನ ಹೊಸ ಔಷಧಿಗಳು ಕಾದಿರುತ್ತವೆ. ಬದುಕಿನ ಒಟ್ಟು ಅವಧಿ ಎರಡೂ ಗುಂಪಿನಲ್ಲಿ ಹತ್ತಿರ ಬರಲು ಅದೂ ಒಂದು ಕಾರಣ. ನಮ್ಮ ಸಂಬಳದ, ವಿಮೆಯ ಮಿತಿಯಲ್ಲಿ ಆ ಔಷಧಿಗಳು ಎಲ್ಲರ ಕೈಗೆ ಎಟುಕುವುದಿಲ್ಲ. ಮೇಲಾಗಿ 'ಮರಳಿದ ಮೇಲೆ ನೋಡೋಣ' ಎಂದವರೆಲ್ಲರೂ ಆ ಹೊತ್ತಿಗೆ ಕಸಿಗೆ ಅರ್ಹರಾಗಿ ಉಳಿದಿರುವುದಿಲ್ಲ: ವಯಸ್ಸು ಏರಿರುತ್ತದೆ, ಕಿಡ್ನಿ ಸೋತಿರಬಹುದು, ಮೂಳೆ ಮುರಿದಿರಬಹುದು. ಆದ್ದರಿಂದ 58 ವರ್ಷದ, ಚಿಕಿತ್ಸೆಗೆ ಚೆನ್ನಾಗಿ ಸ್ಪಂದಿಸಿರುವ ನಿಮ್ಮ ತಂದೆಯವರಿಗೆ ಈಗಲೇ ಕಸಿ ಮಾಡಿಸುವ ಸಲಹೆಯನ್ನು ನಾನೂ ಕೊಡುತ್ತಿದ್ದೆ. ಕ್ಯಾನ್ಸರ್ ಕೋಶಗಳ ವರ್ಣತಂತುಗಳನ್ನು ನೋಡುವ ಫಿಶ್ ಪರೀಕ್ಷೆಯಲ್ಲಿ 17ನೇ ವರ್ಣತಂತುವಿನ ತುಣುಕು ಇಲ್ಲದಿರುವಂಥ ಕೆಡುಕಿನ ಗುರುತು ಕಂಡಿದ್ದರೆ ಇನ್ನೂ ಒತ್ತಿ ಹೇಳುತ್ತಿದ್ದೆ. ನಿಮ್ಮ ಪತ್ರದಲ್ಲಿ ಆ ವರದಿಯ ಪ್ರಸ್ತಾಪವಿಲ್ಲ, ವೈದ್ಯರಲ್ಲಿ ಕೇಳಿ.

ಒಪ್ಪಿಗೆ ಕೊಡಲು ಮನಸ್ಸು ಗಟ್ಟಿಯಾಗದಿದ್ದರೆ ನಡುವಿನ ದಾರಿಯೊಂದಿದೆ. ಆಕರಕೋಶಗಳನ್ನು ಈಗ ಸಂಗ್ರಹಿಸಿ ಘನೀಕರಿಸಿಟ್ಟು, ಔಷಧಿಗಳನ್ನೇ ಮುಂದುವರಿಸಿ, ಕಸಿಯನ್ನು ಮುಂದಕ್ಕೆ ಹಾಕಬಹುದು. ಆದರೆ ಸಂಗ್ರಹವನ್ನೂ ಮುಂದಕ್ಕೆ ಹಾಕಬೇಡಿ. ಲೆನಾಲಿಡೊಮೈಡ್ ಹೆಚ್ಚು ತಿಂಗಳು ತೆಗೆದುಕೊಂಡಷ್ಟೂ ಕೋಶಗಳು ಸಿಗುವುದು ಕಷ್ಟವಾಗುತ್ತದೆ. ನಿಮ್ಮ ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ಘನೀಕರಿಸಿಡುವ ವ್ಯವಸ್ಥೆ ಇದೆಯೆ, ಅದಕ್ಕೆ ವರ್ಷಕ್ಕೆ ಎಷ್ಟು ಶುಲ್ಕ ಎಂಬುದನ್ನು ಮೊದಲೇ ತಿಳಿದುಕೊಳ್ಳಿ. 4 ಡಿಗ್ರಿಯಲ್ಲಿ ಇಡುವ ಕೇಂದ್ರದಲ್ಲಿ ಈ ದಾರಿ ಇಲ್ಲ.

ಕಸಿಗೆ ಹೋಗುವ ಮೊದಲು ಹಲ್ಲಿನ ವೈದ್ಯರಿಗೆ ತೋರಿಸುವುದು ಸಣ್ಣ ವಿಷಯವೆಂದು ಬಿಟ್ಟುಬಿಡುತ್ತಾರೆ. ಎಲೆಯಡಿಕೆಯ ಅಭ್ಯಾಸವಿದ್ದು ಹಲ್ಲು ಹುಳುಕಾಗಿದ್ದರೆ ಕೌಂಟ್ ಬಿದ್ದ ವಾರದಲ್ಲಿ ಸೋಂಕು ಅಲ್ಲಿಂದಲೇ ಎದ್ದೀತು. ಹಾಗೆಂದು ದಾರಿಯಲ್ಲಿ ಸಿಕ್ಕ ಕ್ಲಿನಿಕ್ಕಿಗೆ ಹೋಗಿ ಹಲ್ಲು ಕೀಳಿಸಬೇಡಿ. ಮೂಳೆಗೆ ಬಲ ಕೊಡಲು ಜೊಲೆಡ್ರೊನಿಕ್ ಆಸಿಡ್ ಪಡೆಯುತ್ತಿರುವವರಲ್ಲಿ ಹಲ್ಲು ಕಿತ್ತ ಜಾಗದ ದವಡೆಮೂಳೆ ಮಾಯದೆ ಉಳಿಯುವ ಅಪಾಯವಿದೆ. ಮೈಲೋಮಾ ವೈದ್ಯರಿಗೆ ತಿಳಿಸಿಯೇ ಮುಂದುವರಿಯಿರಿ.

ಮನೆಗೆ ಬಂದ ಮೇಲಿನ ಮೂರು ತಿಂಗಳ ಬಗ್ಗೆ ಡೊಂಬಿವಲಿಯವರಿಗೆ ವಿಶೇಷವಾಗಿ ಒಂದು ಮಾತು ಹೇಳಬೇಕು. ಜ್ವರ 38 ಡಿಗ್ರಿ ಸೆಲ್ಸಿಯಸ್, ಎಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ ಕ್ರೋಸಿನ್ ನುಂಗಿ ಬೆಳಗಾಗಲೆಂದು ಕಾಯಬಾರದು, ನೇರ ಆಸ್ಪತ್ರೆಗೆ ಬರಬೇಕು. ಜುಲೈಯ ಒಂದು ಮಳೆಗೆ ಲೋಕಲ್ ನಿಂತು, ರಸ್ತೆಯಲ್ಲಿ ನೀರು ತುಂಬಿದರೆ ನೀವು ಪರೇಲಿಗೋ ಖಾರ್‌ಘರಿಗೋ ತಲುಪುವುದು ಹೇಗೆ? ಸಾಧ್ಯವಾದರೆ ಕಸಿಯನ್ನು ಮಳೆಗಾಲ ಕಳೆದ ಮೇಲೆ ಇಟ್ಟುಕೊಳ್ಳಿ, ಆಗದಿದ್ದರೆ ಮೊದಲ ಕೆಲವು ವಾರ ಆಸ್ಪತ್ರೆಯ ಹತ್ತಿರ ಕೋಣೆ ಹಿಡಿಯಿರಿ. ತಂದೆಯವರು ಮಲಗುವ ಕೋಣೆಯ ಗೋಡೆಯಲ್ಲಿ ತೇವ ಇಳಿದು ಕಪ್ಪು ಬೂಸ್ಟು ಹಿಡಿದಿದ್ದರೆ ಮೊದಲೇ ರಿಪೇರಿ ಮಾಡಿಸಿ, ಅವರು ಬಂದ ಮೇಲೆ ಗೋಡೆ ಕೆರೆಯಬೇಡಿ. ಕಿಟಕಿಯ ಎಸಿಯ ಮೇಲೆ ಪಾರಿವಾಳಗಳು ಗೂಡು ಕಟ್ಟಿದ್ದರೆ ತೆಗೆಸಿ ಬಲೆ ಹಾಕಿಸಿ. ಒಣಗಿದ ಹಿಕ್ಕೆಯ ಪುಡಿಯಲ್ಲಿರುವ ಶಿಲೀಂಧ್ರ ಆರೋಗ್ಯವಂತರಿಗೆ ಹೆಚ್ಚೇನೂ ಮಾಡದಿದ್ದರೂ ಇವರ ಶ್ವಾಸಕೋಶಕ್ಕೆ ಮಾರಕವಾಗಬಹುದು. ತುಳಸಿಯ ಕುಂಡದ ಮಣ್ಣು ಕೆದಕುವ ಕೆಲಸವನ್ನು ಮನೆಯ ಬೇರೆಯವರು ನೋಡಿಕೊಳ್ಳಲಿ. ಊಟದ ವಿಷಯದಲ್ಲಿ ಹೆದರಿಕೆಯೇ ಹೆಚ್ಚಾಗಿದೆ. ಆಗಷ್ಟೇ ಮಾಡಿದ ಬಿಸಿ ಗಂಜಿ, ಇಡ್ಲಿ, ಚೆನ್ನಾಗಿ ಬೆಂದ ಮೀನು ಎಲ್ಲವೂ ಆದೀತು. ಹಸಿ ಕೋಸಂಬರಿ, ಹಳೆಯ ಉಪ್ಪಿನಕಾಯಿ, ಹೊರಗಿನ ಚಟ್ನಿ ಬೇಡ. ಕೌಂಟ್ ಸರಿಯಾಗುವವರೆಗೆ ಮನೆಯಲ್ಲಿ ಹೆಪ್ಪು ಹಾಕಿದ ಮೊಸರನ್ನೂ ನಾನು ನಿಲ್ಲಿಸಲು ಹೇಳುತ್ತೇನೆ. ಸರ್ಪಸುತ್ತು ಬಾರದಂತೆ ಕೊಡುವ ಅಸೈಕ್ಲೊವಿರ್ ಮಾತ್ರೆಯನ್ನು ಹುಷಾರಾದೆವೆಂದು ಬಿಡಬಾರದು, ಬಾಲ್ಯದಲ್ಲಿ ಹಾಕಿಸಿದ ಲಸಿಕೆಗಳ ರಕ್ಷಣೆಯೂ ಕುಂದುವುದರಿಂದ ಕೆಲವನ್ನು ಮತ್ತೆ ಹಾಕಿಸಬೇಕಾಗುತ್ತದೆ.

ಹಣದ ಬಗ್ಗೆ ನೀವು ಬರೆದಿಲ್ಲ, ಆದರೂ ತಿಳಿದಿರಲಿ. ವಿಮೆ ಇದ್ದರೆ, ರಕ್ತದ ಕಾಯಿಲೆಗಳಿಗೆ ಮಾಡುವ ಆಕರಕೋಶ ಕಸಿಯನ್ನು ಆರೋಗ್ಯ ವಿಮೆಯಿಂದ ಹೊರಗಿಡಬಾರದೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲೇ ಹೇಳಿದೆ. ಆದರೆ ಪಾಲಿಸಿಯಲ್ಲಿ ಒಳಮಿತಿ ಇರಬಹುದು, ಅದನ್ನು ಲಿಖಿತವಾಗಿ ಕೇಳಿ. ಮಹಾರಾಷ್ಟ್ರದ ಪಡಿತರ ಚೀಟಿ ಇದ್ದರೆ ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯಲ್ಲಿ ಏನು ಸಿಗುತ್ತದೆಂದು ಆಸ್ಪತ್ರೆಯಲ್ಲಿರುವ ಆ ಯೋಜನೆಯ ಸಹಾಯಕರಾದ ಆರೋಗ್ಯಮಿತ್ರರಲ್ಲಿ ವಿಚಾರಿಸಿ. ಈ ರಾಜ್ಯದ ದತ್ತಿ ಆಸ್ಪತ್ರೆಗಳು ನೂರಕ್ಕೆ 10 ಹಾಸಿಗೆಗಳನ್ನು ತೀರ ಬಡವರಿಗೆ ಉಚಿತವಾಗಿ, ಇನ್ನು 10ನ್ನು ಕಡಿಮೆ ಆದಾಯದವರಿಗೆ ರಿಯಾಯಿತಿಯಲ್ಲಿ ಕೊಡಬೇಕೆಂಬ ನಿಯಮವೂ ಇದೆ. ಕೇಳದವರಿಗೆ ಇದನ್ನು ತಾವಾಗಿ ಹೇಳುವವರು ಕಡಿಮೆ.

ಆ ಕ್ಲಿನಿಕ್ಕಿನ ಚೀಟಿಯನ್ನು ಹರಿದು ಹಾಕಿ. ಔಷಧಿ ಮೆಲ್ಫಲಾನ್, ಕೋಶಗಳು ಅದರ ಆಸರೆ ಎಂದ ಮೇಲೆ, ಕೀಮೋ ಇಲ್ಲದೆ ಬರೀ ಕೋಶ ಕೊಡುವುದೆಂದರೆ ಚಿಕಿತ್ಸೆಯನ್ನೇ ಕೊಡದೆ ಹಣ ಪಡೆಯುವುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ರಕ್ತದ ಕಾಯಿಲೆಗಳಿಗೆ ಮಾಡುವ ಈ ಬಗೆಯ ಕಸಿಯನ್ನು ಬಿಟ್ಟರೆ ಬೇರೆ ಸ್ಟೆಮ್ ಸೆಲ್ ಉಪಚಾರಗಳನ್ನು ಅನುಮತಿ ಪಡೆದ ಸಂಶೋಧನೆಯ ಹೊರಗೆ ಒಪ್ಪುವುದಿಲ್ಲ. ಪೊವಾಯಿಯ ಐಐಟಿ ಮತ್ತು ಟಾಟಾ ಮೆಮೋರಿಯಲ್ ಸೇರಿ ರೂಪಿಸಿದ, ರೋಗಿಯ ರೋಗನಿರೋಧಕ ಕೋಶಗಳನ್ನೇ ಮಾರ್ಪಡಿಸಿ ಕ್ಯಾನ್ಸರಿನ ಮೇಲೆ ಬಿಡುವ ಕಾರ್-ಟಿ ಚಿಕಿತ್ಸೆಯ ಸುದ್ದಿಯೂ ನಿಮ್ಮ ಕಿವಿಗೆ ಬಿದ್ದಿರಬಹುದು. 2023ರಲ್ಲಿ ಅನುಮತಿ ಪಡೆದ ಆ ನೆಕ್ಸ್‌ಕಾರ್19 ನಿಜವಾದ ಸಾಧನೆ, ಆದರೆ ಅದು ಬಿ ಕೋಶದ ಲಿಂಫೋಮಾ ಮತ್ತು ಲ್ಯುಕೇಮಿಯಾಗಳಿಗೆ, ಮೈಲೋಮಾಕ್ಕಲ್ಲ.

ಕೊನೆಯದಾಗಿ, ನೀವು ಪತ್ರದ ತುದಿಯಲ್ಲಿ ಬರೆದ ಮಾತು. ನಿಮ್ಮ ಪತ್ರದಲ್ಲಿ ಊರಿನವರ ಮಾತಿದೆ, ಚಿಕ್ಕಪ್ಪ ಚಿಕ್ಕಮ್ಮಂದಿರ ಮಾತಿದೆ, ಪರಿಚಯದವರ ಮಾತೂ ಇದೆ. ತಂದೆಯವರ ಮಾತು ಒಂದೂ ಇಲ್ಲ. ಈ ಚಿಕಿತ್ಸೆಯ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕಾದವರು ಅವರು. ಕ್ಯಾನ್ಸರ್ ಎಂದು ತಿಳಿಯದ ಮನುಷ್ಯನಿಗೆ ಅರ್ಧ ಗಂಟೆ ಮಂಜುಗಡ್ಡೆ ಬಾಯಲ್ಲಿ ಇಟ್ಟುಕೊಳ್ಳಲು, ಎರಡು ವಾರ ಒಂಟಿ ಕೋಣೆಯಲ್ಲಿ ಇರಲು, ನುಂಗಲಾಗದ ದಿನವೂ ಎದ್ದು ನಡೆದಾಡಲು ಯಾವ ಕಾರಣವನ್ನು ಕೊಡುತ್ತೀರಿ? ನನ್ನ ರೋಗಿಯೊಬ್ಬರ ಮಕ್ಕಳೂ ಹೀಗೆಯೇ ತಿಂಗಳುಗಟ್ಟಲೆ ಮರೆಮಾಚಿದ್ದರು. ಅವರನ್ನು ಹೊರಗೆ ಕಳಿಸಿ ನಾನು ವಿಷಯ ಎತ್ತಿದಾಗ ಆ ಹಿರಿಯರು ಅಂಗಿಯ ಜೇಬಿನಿಂದ ಮಾತ್ರೆಯ ಖಾಲಿ ಪಟ್ಟಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಮೆಡಿಕಲ್ ಅಂಗಡಿಯ ಹುಡುಗನಲ್ಲಿ ಕೇಳಿ ಮೊದಲ ತಿಂಗಳೇ ತಿಳಿದುಕೊಂಡಿದ್ದರು. ಮಕ್ಕಳಿಗೆ ನೋವಾಗದಿರಲೆಂದು ಸುಮ್ಮನಿದ್ದರು. ಮೂವತ್ತು ವರ್ಷ ಗಲ್ಲಾದಲ್ಲಿ ಕುಳಿತು ಲೆಕ್ಕ ನೋಡಿದ ನಿಮ್ಮ ತಂದೆಯವರಿಗೂ ಅಂದಾಜು ಇಲ್ಲದಿರಲಾರದು. ಮುಂದಿನ ಸಲ ವೈದ್ಯರ ಬಳಿ ಹೋದಾಗ ಅವರನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ನೀವು ಒಳಗೆ ಹೋಗಬೇಡಿ, ವೈದ್ಯರ ಎದುರಿನ ಕುರ್ಚಿಯಲ್ಲಿ ಅವರನ್ನೇ ಕೂರಿಸಿ. 'ನಿಮ್ಮ ಕಾಯಿಲೆಯ ಬಗ್ಗೆ ನಿಮಗೆ ಏನು ತಿಳಿದಿದೆ, ಇನ್ನೆಷ್ಟು ತಿಳಿಯಬೇಕೆನಿಸುತ್ತದೆ' ಎಂದು ವೈದ್ಯರೇ ಮೊದಲು ಕೇಳಲಿ. ಉತ್ತರ ಅವರು ಕೇಳಿದಷ್ಟಕ್ಕೆ ಸಾಕು. ಕಸಿಯ ದಿನಾಂಕವನ್ನು ಅದಾದ ಮೇಲೆ ಗೊತ್ತುಮಾಡಿಕೊಳ್ಳಿ.